ಅಣು ಅಂದರೆ ಯಾವ ಅಣು? ಗಡಿನಾಡಿನ ವಿದ್ಯಾರ್ಥಿಗಳೊಂದಿಗೆ ವಿಜ್ಞಾನದ ಪದಗಳ ಬಗ್ಗೆ ಮಾತು



ಇವತ್ತು ನಾವು ಮಾತಾಡೋದು ವಿಜ್ಞಾನದ ಪದಗಳ ಬಗ್ಗೆ. ಜೀವಶಾಸ್ತ್ರ, ರಸಾಯನಶಾಸ್ತ್ರ ಎರಡರಲ್ಲೂ ಒಂದರ ಪಕ್ಕ ಒಂದು ಕೂತಿರುವ, ಒಂದೇ ಅಂತ ಕಾಣುವ, ಆದರೆ ಒಂದಲ್ಲದ ಪದಗಳು. ಬೆಂಗಳೂರಿನ ಮಗುವಿಗೆ ಈ ಕಷ್ಟ ಒಂದು ಪಾಲು ಇದ್ದರೆ ನಮಗೆ ಎರಡು ಪಾಲು. ಯಾಕಂದ್ರೆ ನಾವು ಶಾಲೆಯಲ್ಲಿ ಒಂದು ಭಾಷೆಯಲ್ಲಿ ಓದಿ, ಟ್ಯೂಷನ್ನಿನಲ್ಲಿ ಇನ್ನೊಂದರಲ್ಲಿ ಕೇಳಿ, ಆಸ್ಪತ್ರೆಯ ಬೋರ್ಡಿನಲ್ಲಿ ಮತ್ತೊಂದನ್ನು ಓದುವ ಜನ. ಎಲ್ಲ ಕಡೆಯೂ ಸಂಸ್ಕೃತದಿಂದ ಬಂದ ಅದೇ ಪದ ಎದುರಾಗುತ್ತದೆ. ಪದ ಗೊತ್ತಿದೆ ಅಂತ ನಾವು ಮುಂದೆ ಹೋಗಿಬಿಡ್ತೇವೆ. ಗೊತ್ತಿಲ್ಲದ ಪದ ಬಂದರೆ ನಿಂತು ಕೇಳ್ತೇವೆ, ಗೊತ್ತಿರುವ ಪದವನ್ನು ಯಾರೂ ಕೇಳೋದಿಲ್ಲ. ತೊಂದರೆ ಇರೋದು ಅಲ್ಲೇ.

‘ಅಣು’ವಿನಿಂದಲೇ ಶುರುಮಾಡೋಣ.

ಕನ್ನಡದ ವಿಜ್ಞಾನ ಬರಹದಲ್ಲಿ ಪರಮಾಣು ಅಂದರೆ ಒಂದು ಧಾತುವಿನ ಗುಣ ಉಳಿಸಿಕೊಂಡಿರುವ ಅತಿ ಚಿಕ್ಕ ಘಟಕ. ಪರಮಾಣುಗಳು ಬಂಧದಿಂದ ಕೂಡಿಕೊಂಡು ಆದದ್ದು ಅಣು. ಜಲಜನಕದ ಎರಡು ಪರಮಾಣು, ಆಮ್ಲಜನಕದ ಒಂದು ಪರಮಾಣು ಸೇರಿ ನೀರಿನ ಒಂದು ಅಣು. ತೆಲುಗಿನಲ್ಲೂ ಹಾಗೇ, ಪರಮಾಣುವು, ಅಣುವು. ಹಿಂದಿಯಲ್ಲೂ ಹಾಗೇ. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯವರಿಗೆ ಇಲ್ಲಿ ತಕರಾರಿಲ್ಲ.

ಈಗ ಅಕ್ಕಲಕೋಟೆಗೆ ಬನ್ನಿ. ಮರಾಠಿಯಲ್ಲಿ ‘ಅಣೂ’ ಅಂದರೆ ನಮ್ಮ ಪರಮಾಣು. ನಮ್ಮ ಅಣುವಿಗೆ ಅವರು ‘ರೇಣೂ’ ಅಂತಾರೆ. ನಮಗೆ ರೇಣು ಅಂದರೆ ಧೂಳು, ಹೂವಿನ ಪರಾಗರೇಣು. ಅಂದರೆ ಒಂದು ಮೆಟ್ಟಿಲು ಇಡೀ ಪಲ್ಲಟ. ಮರಾಠಿ ಕ್ಲಾಸಿನಲ್ಲಿ ಆಕ್ಸಿಜನ್ನಿನ ‘ಅಣುವಸ್ತುಮಾನ’ 16 ಅಂತ ಬರೆಸ್ತಾರೆ, ಅದು ಸರಿ. ಕನ್ನಡದಲ್ಲಿ ಆಮ್ಲಜನಕದ ‘ಅಣುರಾಶಿ’ ಎಷ್ಟು ಅಂತ ಕೇಳಿದರೆ ಉತ್ತರ 32, ಅದೂ ಸರಿ. ಯಾಕಂದ್ರೆ ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣು ಇವೆ. ಅದೇ ‘ಅಣು’ ಅಂತ ಅಲ್ಲಿಯ 16 ತಂದು ಇಲ್ಲಿ ಬರೆದರೆ ಲೆಕ್ಕ ಅರ್ಧಕ್ಕೆ ಇಳೀತು. ಲೆಕ್ಕ ಮಾಡುವ ರೀತಿ ಸರಿ, ಗುಣಾಕಾರ ಸರಿ, ಉತ್ತರ ತಪ್ಪು. ಹುಡುಗನಿಗೆ ರಸಾಯನಶಾಸ್ತ್ರ ಹತ್ತೋದಿಲ್ಲ ಅಂತ ಮನೆಯಲ್ಲಿ ತೀರ್ಮಾನ ಆಗಿಬಿಡುತ್ತೆ. ಹತ್ತದೇ ಇರೋದು ರಸಾಯನಶಾಸ್ತ್ರ ಅಲ್ಲ.

ತಮಿಳಿನಲ್ಲೂ ‘ಅಣು’ ಅಂದರೆ ಪರಮಾಣುವೇ. ಅಣುವಿಗೆ ಅವರ ಪದ ‘ಮೂಲಕ್ಕೂರು’. ಹಾಗಾಗಿ ಹೊಸೂರು, ತಾಳವಾಡಿಯ ತಮ್ಮಂದಿರೂ ಅಕ್ಕಲಕೋಟೆಯವರ ಜೊತೆಯಲ್ಲೇ ಇದ್ದಾರೆ. ಮಲಯಾಳದಲ್ಲಿ ನಮ್ಮ ಅಣುವಿಗೆ ‘ತನ್ಮಾತ್ರ’, ಪರಮಾಣುವಿಗೆ ಹೆಚ್ಚಾಗಿ ‘ಆಟಂ’ ಅಂತಲೇ. ಹಾಗಾದರೆ ಕಾಸರಗೋಡಿನವರು ಬಚಾವ್ ಅಂದುಕೊಳ್ಳಬೇಡಿ. ಆಸ್ಪತ್ರೆಗೆ ಹೋದರೆ ಅಲ್ಲಿ ‘ಅಣುಬಾಧ’ ಅಂತಾರೆ. ಅಂದರೆ ರೋಗಾಣು ಹತ್ತಿದ್ದು, ಸೋಂಕು. ‘ಅಣುನಾಶಿನಿ’ ಅಂದರೆ ಸೋಂಕು ತೊಳೆಯುವ ಔಷಧಿ. ಅಲ್ಲಿ ಅಣು ಅಂದರೆ ಜೀವ ಇರುವ ಸೂಕ್ಷ್ಮಜೀವಿ. ಒಂದು ಬ್ಯಾಕ್ಟೀರಿಯಾದ ಒಳಗೆ ನಮ್ಮ ಲೆಕ್ಕದ ಅಣುಗಳು ಕೋಟಿ ಕೋಟಿ ಇರ್ತವೆ!

ಇನ್ನು ನಮ್ಮ ಕನ್ನಡ ಪೇಪರುಗಳೇನು ಸಾಮಾನ್ಯವೇ? ಪಾಠದಲ್ಲಿ ಪರಮಾಣು ಬೇರೆ, ಅಣು ಬೇರೆ ಅಂತ ಕಲಿಸ್ತೇವೆ. ಪೇಪರಿನಲ್ಲಿ ‘ಅಣು ಬಾಂಬ್’, ‘ಕೈಗಾ ಅಣು ಸ್ಥಾವರ’. ಅಲ್ಲಿ ಒಡೆಯೋದು ಅಣುವಲ್ಲ, ಯುರೇನಿಯಂ ಪರಮಾಣುವಿನ ನಡುವೆ ಇರುವ ಬೀಜ. ಅದಕ್ಕೇ ಕನ್ನಡದಲ್ಲಿ ‘ಬೈಜಿಕ ವಿದಳನ’ ಅನ್ನುವ ಒಳ್ಳೆ ಪದ ಇದೆ. ಅಣುವನ್ನು ಒಡೆಯೋದು ದೊಡ್ಡ ಮಾತೇ ಅಲ್ಲ, ಅಡುಗೆಮನೆಯಲ್ಲಿ ಸಕ್ಕರೆ ಕರಿಯಾಗುವಾಗಲೂ ಅಣು ಒಡೀತದೆ. ಇಂಗ್ಲಿಷಿನಲ್ಲಿ ಪರಮಾಣುವಿನ ನಡುವಿಗೂ ಜೀವಕೋಶದ ನಡುವಿಗೂ ನ್ಯೂಕ್ಲಿಯಸ್ ಅನ್ನುವ ಒಂದೇ ಪದ. ಕನ್ನಡದಲ್ಲಿ ಒಂದು ಬೀಜ, ಇನ್ನೊಂದು ಕೋಶಕೇಂದ್ರ. ಇಲ್ಲಿ ನಮ್ಮ ಭಾಷೆಯೇ ಹೆಚ್ಚು ಸ್ಪಷ್ಟ, ಹೇಳಿಕೊಳ್ಳೋಕೆ ನಾಚಿಕೆ ಯಾಕೆ.

‘ಧಾತು’ ಇದಕ್ಕಿಂತ ಕಿಲಾಡಿ. ಕನ್ನಡದಲ್ಲಿ ಧಾತು ಅಂದರೆ ಒಂದೇ ಬಗೆಯ ಪರಮಾಣುಗಳಿಂದ ಆದ ವಸ್ತು. ಚಿನ್ನ ಧಾತು, ಗಂಧಕ ಧಾತು, ಆಮ್ಲಜನಕವೂ ಧಾತು. ಮರಾಠಿಯಲ್ಲಿ ‘ಧಾತೂ’ ಅಂದರೆ ಲೋಹ. ನಾವು ಧಾತು ಅನ್ನೋದಕ್ಕೆ ಅವರ ಪದ ‘ಮೂಲದ್ರವ್ಯ’. ಹೀಗಾಗಿ ‘ಆಮ್ಲಜನಕ ಒಂದು ಧಾತು’ ಅನ್ನುವ ವಾಕ್ಯ ಕನ್ನಡದಲ್ಲಿ ನಿಜ, ಮರಾಠಿ ಕಿವಿಗೆ ಶುದ್ಧ ತಪ್ಪು. ಅದಕ್ಕಿಂತ ಮಜಾ ಅಂದರೆ ನಮ್ಮ ‘ಲೋಹ’ ಅವರಿಗೆ ಕಬ್ಬಿಣ. ತಾಮ್ರ ಲೋಹವೇ ಅಂತ ಜತ್ತದಲ್ಲಿ ಇಬ್ಬರು ವಾದ ಮಾಡಿದರೆ ಇಬ್ಬರೂ ಗೆಲ್ತಾರೆ. ಮಲಯಾಳದಲ್ಲಿ ‘ಧಾತು’ ಅಂದರೆ ಖನಿಜ, ನೆಲದಿಂದ ತೆಗೆಯುವಂಥದ್ದು. ಧಾತುವಿಗೆ ಅವರು ‘ಮೂಲಕಂ’ ಅಂತಾರೆ. ಆಯುರ್ವೇದದವರನ್ನು ಕೇಳಿದರೆ ಧಾತು ಏಳೇ, ರಸ, ರಕ್ತ, ಮಾಂಸ ಅಂತ ಎಣಿಸ್ತಾರೆ. ಯಾರೂ ಸುಳ್ಳು ಹೇಳ್ತಿಲ್ಲ. ಒಂದು ಪದವನ್ನು ನಾಲ್ಕು ಕಡೆ ನಾಲ್ಕು ಕೆಲಸಕ್ಕೆ ಹಚ್ಚಿದ್ದಾರೆ, ಅಷ್ಟೇ.

ಜೀವಶಾಸ್ತ್ರಕ್ಕೆ ಬರೋಣ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅಲ್ಲಿ ಕಂಡ ಸಣ್ಣ ಸಣ್ಣ ಗೂಡುಗಳಿಗೆ ಸೆಲ್ ಅಂತ ಹೆಸರಿಟ್ಟ. ಪುಟ್ಟ ಕೋಣೆ ಅಂತ ಅರ್ಥ. ಕನ್ನಡ ಅದಕ್ಕೆ ಜೀವಕೋಶ ಅಂತು. ಆದರೆ ಕೋಶ ಅನ್ನುವ ಪದಕ್ಕೆ ಮೊದಲೇ ಚೀಲ, ಭಂಡಾರ ಅನ್ನುವ ಅರ್ಥ ಇತ್ತು. ಶ್ವಾಸಕೋಶ, ಗರ್ಭಕೋಶ, ಮೂತ್ರಕೋಶ ಇವೆಲ್ಲ ಆ ಹಳೇ ಅರ್ಥದ ಕೋಶಗಳು. ಅವು ಅಂಗಗಳು, ಒಂದೊಂದರಲ್ಲೂ ಲೆಕ್ಕವಿಲ್ಲದಷ್ಟು ಜೀವಕೋಶಗಳಿವೆ. ‘ಸಾರ್, ಶ್ವಾಸಕೋಶ ಒಂದು ಜೀವಕೋಶವೇ?’ ಅಂತ ಏಳನೇ ಕ್ಲಾಸಿನ ಮಗು ಕೇಳಿದರೆ ನಗಬೇಡಿ. ಆ ಮಗು ಪದವನ್ನು ಒಡೆದು ನೋಡಿದೆ, ಅದು ಒಳ್ಳೇ ಲಕ್ಷಣ.

ಗಡಿ ದಾಟಿದರೆ ಇಲ್ಲೂ ಪಲ್ಲಟ. ಮರಾಠಿಯಲ್ಲಿ ಜೀವಕೋಶಕ್ಕೆ ‘ಪೇಶೀ’. ಮಲಯಾಳದಲ್ಲಿ ‘ಪೇಶಿ’ ಅಂದರೆ ಸ್ನಾಯು, ಮಾಂಸಖಂಡ. ಮಲಯಾಳದಲ್ಲಿ ‘ಸ್ನಾಯು’ ಅಂದರೆ ಎಲುಬಿಗೆ ಎಲುಬನ್ನು ಕಟ್ಟುವ ಪಟ್ಟಿ, ನಾವು ಅಸ್ಥಿರಜ್ಜು ಅನ್ನುವಂಥದ್ದು. ಕಬಡ್ಡಿ ಆಡಿ ಮಂಡಿ ಉಳುಕಿಸಿಕೊಂಡವರು ಇದನ್ನು ಸ್ವಲ್ಪ ಗಮನ ಇಟ್ಟು ಕೇಳಿ. ಚೀಟಿಯಲ್ಲಿ ಬರೆದದ್ದು ಮಾಂಸಖಂಡವೋ ಅಸ್ಥಿರಜ್ಜುವೋ ಅನ್ನೋದರ ಮೇಲೆ ಎಷ್ಟು ದಿನ ಆಟ ಬಿಡಬೇಕು ಅನ್ನೋದು ನಿಂತಿದೆ.

ತೆಲುಗಿನಲ್ಲಿ ಜೀವಕೋಶಕ್ಕೆ ‘ಕಣಂ’. ನಮಗೆ ಕಣ ಅಂದರೆ ಯಾವುದೇ ಚಿಕ್ಕ ಚೂರು, ಮರಳಿನ ಕಣವೂ ಕಣವೇ. ಆದರೂ ರಕ್ತದ ವಿಷಯ ಬಂದಾಗ ನಾವೂ ರಕ್ತಕಣ ಅಂತೇವೆ, ರಕ್ತಕೋಶ ಅನ್ನೋದು ಕಡಿಮೆ. ಅದರಲ್ಲಿ ಒಂದು ಅನುಕೂಲ ಇದೆ. ಬಿಳಿ ರಕ್ತಕಣ ಪೂರ್ತಿ ಜೀವಕೋಶ. ಕೆಂಪು ರಕ್ತಕಣ ಬಲಿತ ಮೇಲೆ ತನ್ನ ಕೋಶಕೇಂದ್ರವನ್ನೇ ಕಳೆದುಕೊಂಡಿರುತ್ತದೆ. ಕಿರುತಟ್ಟೆಗಳಂತೂ ದೊಡ್ಡ ಕೋಶವೊಂದರಿಂದ ಉದುರಿದ ಚೂರುಗಳು. ಮೂರನ್ನೂ ಸೇರಿಸಿ ಹೇಳೋಕೆ ಕಣವೇ ವಾಸಿ.

ಇದೇ ಸಾಲಿನಲ್ಲಿ ವಯನಾಡು, ನೀಲಗಿರಿಯ ಗೆಳೆಯರಿಗೆ ಒಂದು ಮಾತು. ಅಲ್ಲಿಯ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ, ಮಲಯಾಳದಲ್ಲಿ ‘ಅರಿವಾಳ್ ರೋಗಂ’ ಅಂತಾರೆ. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ನಮ್ಮ ಮನೆಗಳಲ್ಲಿ ಮೈ ಬಿಳಿಚಿಕೊಂಡರೆ, ಸುಸ್ತಾದರೆ ‘ರಕ್ತ ಕಡಿಮೆ’ ಅಂತೇವೆ. ರಕ್ತ ಕಡಿಮೆ ಆಗಿರೋದಿಲ್ಲ, ಅದರಲ್ಲಿರುವ ಹೀಮೋಗ್ಲೋಬಿನ್ ಕಡಿಮೆ ಆಗಿರುತ್ತದೆ. ಕಬ್ಬಿಣಾಂಶ ಸಾಲದೆ ಹಾಗಾಗಿದ್ದರೆ ಕಬ್ಬಿಣದ ಗುಳಿಗೆ ಕೆಲಸ ಮಾಡುತ್ತೆ. ಸಿಕಲ್ ಸೆಲ್ಲಿನಲ್ಲಿ ಹೀಮೋಗ್ಲೋಬಿನ್ ಸರಪಳಿಯ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ, ಹುಟ್ಟಿನಿಂದಲೇ. ಗುಳಿಗೆ ನುಂಗಿ ಆ ಬಾಗನ್ನು ನೆಟ್ಟಗೆ ಮಾಡೋಕಾಗಲ್ಲ. ಎರಡನ್ನೂ ‘ರಕ್ತ ಕಡಿಮೆ’ ಅನ್ನುವ ಒಂದೇ ಚೀಲಕ್ಕೆ ಹಾಕಿದರೆ ಪರೀಕ್ಷೆ ಮಾಡಿಸುವ ಯೋಚನೆಯೇ ಬರೋದಿಲ್ಲ.

ಉಸಿರಾಟದ ಕಥೆ ಸೊಲ್ಲಾಪುರದ ಕಡೆಯವರಿಗೆ ಬೇಗ ತಿಳೀತದೆ. ಗಾಳಿಯನ್ನು ಒಳಗೆಳೆದು ಹೊರಬಿಡೋದು ಒಂದು. ಜೀವಕೋಶದೊಳಗೆ ಸಕ್ಕರೆಯಂಥ ಆಹಾರ ಒಡೆದು ಶಕ್ತಿ ಬಿಡುಗಡೆ ಆಗೋದು ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ ಉಸಿರಾಟ ಅಂದುಬಿಡ್ತೇವೆ. ಮರಾಠಿಯವರು ಮೊದಲನೆಯದಕ್ಕೆ ‘ಶ್ವಾಸೋಚ್ಛ್ವಾಸ’, ಎರಡನೆಯದಕ್ಕೆ ‘ಶ್ವಸನ’ ಅಂತ ಬೇರೆ ಮಾಡ್ತಾರೆ. ನಾವೂ ಮೊದಲನೆಯದನ್ನು ಉಸಿರಾಡುವುದು, ಎರಡನೆಯದನ್ನು ಶ್ವಸನ ಅಂತ ಇಟ್ಟುಕೊಂಡರೆ ನಷ್ಟವೇನಿಲ್ಲ.

ಭೇದ ಎಲ್ಲಿ ಕಾಣುತ್ತೆ ಅಂದರೆ, ಹಗೇವಿನಲ್ಲಿ. ನೆಲದೊಳಗೆ ತೋಡಿ ಜೋಳ ತುಂಬಿ ಬಾಯಿ ಮುಚ್ಚುವ ಹಗೇವು, ಮರಾಠಿಯವರ ‘ಪೇವ’. ಜೋಳದ ಕಾಳಿಗೆ ಮೂಗಿಲ್ಲ, ಶ್ವಾಸಕೋಶ ಇಲ್ಲ, ಅದು ಉಸಿರಾಡೋದಿಲ್ಲ. ಆದರೆ ಕಾಳು ಜೀವಂತ ಇದೆ, ಅದರಲ್ಲಿ ಶ್ವಸನ ನಡೀತಾನೇ ಇರುತ್ತದೆ. ಮುಚ್ಚಿದ ಗುಂಡಿಯಲ್ಲಿ ತಿಂಗಳುಗಟ್ಟಲೆ ಆಮ್ಲಜನಕ ಖರ್ಚಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಅದಕ್ಕೇ ಹಿರಿಯರು ಹಗೇವು ತೆರೆದ ಕೂಡಲೇ ಇಳೀತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಮೊದಲು ದೀಪ ಇಳಿಬಿಟ್ಟು ನೋಡ್ತಿದ್ದರು. ಅವರಿಗೆ ಶ್ವಸನ ಅನ್ನುವ ಪದ ಗೊತ್ತಿರಲಿಲ್ಲ, ಸಂಗತಿ ಗೊತ್ತಿತ್ತು. ನಮಗೆ ಪದ ಗೊತ್ತಿದೆ, ಆದರೂ ಬಾಯಿ ಮುಚ್ಚಿದ ಗುಂಡಿಗಳಿಗೆ ಇಳಿದು ಜನ ಸಾಯೋ ಸುದ್ದಿ ಇನ್ನೂ ಓದ್ತೇವೆ.

ಆಮ್ಲ, ಪ್ರತ್ಯಾಮ್ಲ, ಕ್ಷಾರದ ಬಗ್ಗೆ ಹೆಚ್ಚು ಹೇಳೋದಿಲ್ಲ. ಆಮ್ಲವನ್ನು ತಟಸ್ಥ ಮಾಡೋದು ಪ್ರತ್ಯಾಮ್ಲ. ಪ್ರತ್ಯಾಮ್ಲಗಳಲ್ಲಿ ನೀರಿನಲ್ಲಿ ಕರಗುವಂಥವು ಕ್ಷಾರ. ಎಲ್ಲ ಕ್ಷಾರವೂ ಪ್ರತ್ಯಾಮ್ಲ, ಎಲ್ಲ ಪ್ರತ್ಯಾಮ್ಲ ಕ್ಷಾರವಲ್ಲ. ತಮಿಳಿನಲ್ಲಿ ಪ್ರತ್ಯಾಮ್ಲಕ್ಕೆ ‘ಕಾರಂ’ ಅಂತಾರೆ, ಮೆಣಸಿನಕಾಯಿಯ ಖಾರಕ್ಕೂ ಅದೇ ‘ಕಾರಂ’. ತಾಳವಾಡಿಯ ಮಗು ಮೆಣಸಿನಕಾಯಿ ಪ್ರತ್ಯಾಮ್ಲ ಅಂತ ಬರೆದರೆ ಕಾರಣ ಇದು. ಆಮ್ಲಜನಕ ಅನ್ನುವ ಹೆಸರಿನಲ್ಲೂ ಒಂದು ಹಳೇ ತಪ್ಪು ಕೂತಿದೆ. ಎಲ್ಲ ಆಮ್ಲಗಳಲ್ಲೂ ಅದು ಇರಲೇಬೇಕು ಅಂತ ಲವಾಸಿಯೆ ನಂಬಿ ಆ ಅರ್ಥದ ಹೆಸರಿಟ್ಟ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅಂತ 1810ರ ಹೊತ್ತಿಗೆ ಹಂಫ್ರಿ ಡೇವಿ ತೋರಿಸಿದ. ಹೆಸರು ಮಾತ್ರ ಉಳಿದುಕೊಂಡಿತು.

ಹೊಲ ಇರುವವರು ಚೌಳು ಮಣ್ಣನ್ನು ಒಂದು ನಿಮಿಷ ಯೋಚಿಸಿ. ಸವಳು, ಚೌಳು, ತೆಲುಗಿನ ಚೌಡು, ಯಾವ ಹೆಸರಾದರೂ ಅದರಡಿ ಎರಡು ಬೇರೆ ಮಣ್ಣುಗಳಿವೆ. ಒಂದರಲ್ಲಿ ಕರಗುವ ಲವಣ ಹೆಚ್ಚು. ಅದಕ್ಕೆ ನೀರು ಕಟ್ಟಿ, ಬಸಿಗಾಲುವೆ ತೆಗೆದು ಉಪ್ಪನ್ನು ತೊಳೆಯಬೇಕು. ಇನ್ನೊಂದು ಸೋಡಿಯಂ ಹಿಡಿದು ಕೂತ ಕ್ಷಾರ ಮಣ್ಣು, ಪಿಎಚ್ 8.5ಕ್ಕಿಂತ ಮೇಲೆ. ಅದಕ್ಕೆ ಜಿಪ್ಸಂ ಬೇಕು. ಪಕ್ಕದ ಹೊಲದವರು ಹಾಕಿದರು ಅಂತ ಲವಣದ ಮಣ್ಣಿಗೆ ಜಿಪ್ಸಂ ಸುರಿದರೆ ಬಾಡಿಗೆ ಟ್ರಾಕ್ಟರಿನ ದುಡ್ಡೂ ಹೋಯ್ತು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಲವಣ ಬೇರೆ ಸಾಲು, ಪಿಎಚ್ ಬೇರೆ ಸಾಲು ಇರೋದು ಸುಮ್ಮನೆ ಅಲ್ಲ.

ಈಗ ಕಾಸರಗೋಡಿನ ಅಡಿಕೆ ತೋಟಕ್ಕೆ. ಮಳೆಗಾಲದ ಮೊದಲು ಮದ್ದು ಬಿಡೋದು ನೋಡಿದ್ದೀರಿ, ಕೆಲವರು ಬಿಟ್ಟೂ ಇದ್ದೀರಿ. ಶೇಕಡಾ 1ರ ಬೋರ್ಡೋಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಕನ್ನಡದಲ್ಲಿ ಇದನ್ನು ‘ಬೋರ್ಡೋ ದ್ರಾವಣ’ ಅಂತೇವೆ. ಮರಾಠಿಯಲ್ಲಿ ‘ಬೋರ್ಡೋ ಮಿಶ್ರಣ’, ಮಲಯಾಳದಲ್ಲಿ ‘ಬೋರ್ಡೋ ಮಿಶ್ರಿತಂ’. ಇಲ್ಲಿ ನೆರೆಯವರ ಮಾತೇ ಸರಿಗೆ ಹತ್ತಿರ, ಒಪ್ಪಿಕೊಳ್ಳೋಣ.

ಯಾಕೆ? ದ್ರಾವಣ ಅಂದರೆ ಒಂದು ವಸ್ತು ಇನ್ನೊಂದರಲ್ಲಿ ಪೂರ್ತಿ ಕರಗಿ, ನಿಲ್ಲಿಸಿಟ್ಟರೂ ತಳಕ್ಕೆ ಇಳಿಯದೆ, ಸೋಸಿದರೂ ಬೇರೆಯಾಗದೆ ಇರುವಂಥದ್ದು. ಮೈಲುತುತ್ತು ನೀರಿಗೆ ಹಾಕಿದಾಗ ಬರುವ ತಿಳಿ ನೀಲಿ ನೀರು ದ್ರಾವಣ. ಸುಣ್ಣದ ಹಾಲು ದ್ರಾವಣವಲ್ಲ, ಸುಣ್ಣದ ಕಣಗಳು ನೀರಿನಲ್ಲಿ ತೇಲಾಡ್ತಿರ್ತವೆ, ಬಿಟ್ಟರೆ ತಳ ಹಿಡೀತವೆ. ಇದಕ್ಕೆ ನಿಲಂಬನ ಅಂತ ಹೆಸರು. ಎರಡನ್ನೂ ಸೇರಿಸಿದಾಗ ಬರುವ ಆಕಾಶನೀಲಿ ಮದ್ದು ಕೂಡ ನಿಲಂಬನವೇ. ಅದನ್ನು ದ್ರಾವಣ ಅಂದುಕೊಂಡವರು ಡ್ರಮ್ಮಿನಲ್ಲಿ ಕಲಕದೆ ಬಿಡ್ತಾರೆ. ಮೊದಲ ಹತ್ತು ಮರಕ್ಕೆ ಒಂದು ಪ್ರಮಾಣ, ಕೊನೇ ಹತ್ತು ಮರಕ್ಕೆ ಇನ್ನೊಂದು ಪ್ರಮಾಣ. ಕೊಳೆರೋಗ ಬಂದ ಮೇಲೆ ಮೈಲುತುತ್ತು ಸರಿಯಿಲ್ಲ ಅಂತ ಅಂಗಡಿಯವನಿಗೆ ಬೈಗುಳ.

ಹಾಗಂತ ಮಿಶ್ರಣ ಅನ್ನುವ ಪದವೂ ಪೂರ್ತಿ ಸತ್ಯ ಹೇಳೋದಿಲ್ಲ. ಮಿಶ್ರಣದಲ್ಲಿ ಸೇರಿದ ವಸ್ತುಗಳು ತಮ್ಮ ಗುಣ ಬಿಡೋದಿಲ್ಲ, ಅಕ್ಕಿಯಲ್ಲಿ ಕಲ್ಲು ಸೇರಿದ ಹಾಗೆ. ಇಲ್ಲಿ ಹಾಗಲ್ಲ, ರಾಸಾಯನಿಕ ಕ್ರಿಯೆ ನಡೆದು ತಾಮ್ರದ ಹೊಸ ಸಂಯುಕ್ತಗಳು ಹುಟ್ಟಿಕೊಳ್ತವೆ. ಎಲೆಗೆ, ಗೊನೆಗೆ ಅಂಟಿಕೊಂಡು ಮಳೆಗೆ ಬೇಗ ತೊಳೆದು ಹೋಗದೆ ನಿಲ್ಲೋದು ಆ ಹೊಸ ಸಂಯುಕ್ತ, ಮೈಲುತುತ್ತಲ್ಲ. ಕ್ರಿಯೆ ಪೂರ್ತಿ ಆಗಿದೆಯೋ ಇಲ್ಲವೋ ನೋಡೋಕೆ ಹಿರಿಯರು ಕಬ್ಬಿಣದ ಕತ್ತಿ ಅದ್ದಿ ನೋಡ್ತಾರೆ. ಕತ್ತಿಯ ಮೇಲೆ ಕೆಂಪು ಬಣ್ಣ ಕೂತರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಅಂತ ಅರ್ಥ. ಕಬ್ಬಿಣ ತಾಮ್ರವನ್ನು ಹೊರಕ್ಕೆ ತಳ್ಳಿ ತಾನು ಅದರ ಜಾಗಕ್ಕೆ ಹೋಗುತ್ತದೆ. ಹತ್ತನೇ ಕ್ಲಾಸಿನ ಸ್ಥಾನಪಲ್ಲಟ ಕ್ರಿಯೆ ಅಂದರೆ ಇದೇ. ಆಗ ಸುಣ್ಣದ ಹಾಲು ಇನ್ನಷ್ಟು ಹಾಕಬೇಕು, ಇಲ್ಲದಿದ್ದರೆ ಎಳೇ ಗೊನೆ ಸುಡುತ್ತದೆ. ಮದ್ದನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಬಾರದು ಅನ್ನೋದಕ್ಕೂ ಕಾರಣ ಅದೇ.

‘ಸುಣ್ಣ’ ಅನ್ನೋದೂ ಒಂದು ವಸ್ತುವಲ್ಲ. ಸುಣ್ಣದ ಕಲ್ಲು, ಚಿಪ್ಪು ಇವು ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟರೆ ಕ್ಯಾಲ್ಸಿಯಂ ಆಕ್ಸೈಡ್, ಸುಟ್ಟ ಸುಣ್ಣ. ನೀರು ಹಾಕಿದರೆ ಬಿಸಿಯಾಗಿ ಅರಳಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅರಳಿದ ಸುಣ್ಣವನ್ನು ಗಾಳಿಗೆ ಬಹಳ ದಿನ ತೆರೆದಿಟ್ಟರೆ ಇಂಗಾಲದ ಡೈಆಕ್ಸೈಡ್ ಹೀರಿ ತಿರುಗಿ ಕಾರ್ಬೊನೇಟ್ ಆಗುತ್ತದೆ. ನೋಡೋಕೆ ಅದೇ ಬಿಳಿ ಪುಡಿ, ಆದರೆ ಬೋರ್ಡೋಗೆ ಸುಣ್ಣದ ಕೆಲಸ ಮಾಡೋದಿಲ್ಲ.

ರೋಗದ ಹೆಸರಿನಲ್ಲೂ ಇದೇ ತೊಡಕು. ‘ಕ್ರಿಮಿ’ ಅನ್ನುವ ಒಂದು ಪದದಲ್ಲಿ ಹುಳು, ಕೀಟ, ಬ್ಯಾಕ್ಟೀರಿಯಾ, ಶಿಲೀಂಧ್ರ, ವೈರಸ್ ಎಲ್ಲ ತುಂಬಿದ್ದೇವೆ. ಜತ್ತ, ಸೊಲ್ಲಾಪುರ ಕಡೆ ದಾಳಿಂಬೆಗೆ ಬರುವ ‘ತೇಲ್ಯಾ’ ಬ್ಯಾಕ್ಟೀರಿಯಾದಿಂದ ಬರೋದು. ಬಾಳೆಯ ಬಂಚಿಟಾಪ್ ವೈರಸ್ಸಿನಿಂದ, ಹೇನಿನಂಥ ಸಣ್ಣ ಕೀಟ ಅದನ್ನು ಹೊತ್ತು ತರುತ್ತದೆ. ಹತ್ತಿದ ಗಿಡಕ್ಕೆ ಏನು ಹೊಡೆದರೂ ವಾಸಿಯಾಗಲ್ಲ, ಕಿತ್ತು ತೆಗೀಬೇಕು. ಅಡಿಕೆಯ ಕೊಳೆರೋಗ ತರುವ ಫೈಟಾಫ್ಥೊರಾ ಶಿಲೀಂಧ್ರದ ಹಾಗೇ ಕಾಣುತ್ತದೆ, ಆದರೆ ವಿಜ್ಞಾನಿಗಳು ಈಗ ಅದನ್ನು ಬೇರೆ ಗುಂಪಿಗೆ ಸೇರಿಸಿದ್ದಾರೆ. ನಿಜವಾದ ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಇರುತ್ತದೆ, ಇದರದ್ದು ಮುಖ್ಯವಾಗಿ ಸೆಲ್ಯುಲೋಸ್. ಪುಸ್ತಕದ ಬದನೆಕಾಯಿ ಅನ್ನಬೇಡಿ. ಹಲವು ಶಿಲೀಂಧ್ರ ರೋಗಗಳಿಗೆ ಹೊಡೆಯುವ ಕಾರ್ಬೆಂಡಜಿಮ್ ಫೈಟಾಫ್ಥೊರಾ ಮೇಲೆ ಕೆಲಸ ಮಾಡೋದಿಲ್ಲ. ‘ಶಿಲೀಂಧ್ರನಾಶಕ ಕೊಡಿ’ ಅಂತ ಅಂಗಡಿಯಲ್ಲಿ ಕೇಳಿದರೆ ಅದೂ ಸಿಗಬಹುದು. ಮನುಷ್ಯರಿಗೂ ಇದೇ ಮಾತು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕೆ. ನೆಗಡಿ ತರೋದು ವೈರಸ್. ನೆಗಡಿಗೆ ಆಂಟಿಬಯಾಟಿಕ್ ನುಂಗಿದರೆ ನೆಗಡಿಗೆ ಏನೂ ಆಗಲ್ಲ.

ಹಾಗಾದರೆ ನಾವು ಏನು ಮಾಡಬೇಕು? ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಒಂದು ಪದಕ್ಕೆ ಒಂದು ಪುಟ. ಮೇಲೆ ಪದ ಬರೀಬೇಡಿ, ಸಂಗತಿ ಬರೀರಿ, ‘ಎರಡು ಆಮ್ಲಜನಕ ಪರಮಾಣು ಅಂಟಿಕೊಂಡದ್ದು’ ಅನ್ನೋ ಹಾಗೆ. ಅದರ ಕೆಳಗೆ ಕನ್ನಡದಲ್ಲಿ ಏನಂತಾರೆ, ನಿಮ್ಮ ರಾಜ್ಯದ ಭಾಷೆಯಲ್ಲಿ ಏನಂತಾರೆ, ಇಂಗ್ಲಿಷಿನಲ್ಲಿ ಏನಂತಾರೆ, ಮನೆಯಲ್ಲಿ ಅಜ್ಜಿ ಏನಂತಾರೆ. ನಿಮ್ಮ ಕೈಯಲ್ಲಿರುವ ಪಾಠಪುಸ್ತಕ ಯಾವ ಪದವನ್ನು ಯಾವ ಅರ್ಥದಲ್ಲಿ ಹಿಡಿದಿದೆ ಅಂತ ಆ ಪಾಠದ ವ್ಯಾಖ್ಯೆಯಲ್ಲೇ ನೋಡಿ, ಊಹೆ ಮಾಡಬೇಡಿ. ಪರೀಕ್ಷೆಯಲ್ಲಿ ಆ ಪುಸ್ತಕದ ಪದವನ್ನೇ ಬರೀರಿ, ಅನುಮಾನ ಬಂದರೆ ಪಕ್ಕದಲ್ಲಿ ಸಂಕೇತವನ್ನೂ ಬರೀರಿ. ಸಂಕೇತಕ್ಕೆ ಗಡಿ ಇಲ್ಲ.

ನಮ್ಮ ಮಾತು ಇಷ್ಟೇ. ಈಗ ನಿಮ್ಮ ಕಡೆಯ ಪದಗಳನ್ನು ಹೇಳಿ. ಮೆಣಸಿನಕಾಯಿ ಪ್ರತ್ಯಾಮ್ಲ ಅಲ್ಲ ಅಂತ ಗೊತ್ತಾಯ್ತಲ್ಲ, ತಾಳವಾಡಿಯವರೇ ಮೊದಲು ಶುರುಮಾಡಲಿ.